ಗೂಡಿನ ಹಿಂಬದಿ

ಮೊಲವನ್ನೋ ಹಕ್ಕಿಗಳನ್ನೋ ಹೊಸದಾಗಿ ಸಾಕಲು ಶುರುಮಾಡಿದವರ ಮನೆಗೆ ಹೋದರೆ ಅವರು ಮೊದಲು ಕರೆದೊಯ್ಯುವುದು ಗೂಡಿನ ಮುಂದಕ್ಕೆ. ಬಾಗಿಲೆದುರು ನಿಲ್ಲಿಸಿ ಒಂದೊಂದನ್ನೇ ತೋರಿಸುತ್ತಾರೆ: ನೀರಿನ ಬಾಟಲಿ ತೂಗುಹಾಕಿದ ಕೊಕ್ಕೆ, ಹುಲ್ಲಿನ ಬುಟ್ಟಿ, ಹಲ್ಲು ಸವೆಯಲೆಂದು ಇಟ್ಟ ಮರದ ತುಂಡು, ಮರಿಗಳು ಹತ್ತಲು ಮಾಡಿದ ಪುಟ್ಟ ಏಣಿ. ಪ್ರೀತಿಯಿಂದ ಮಾಡಿದ ಕೆಲಸ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಇಷ್ಟೆಲ್ಲ ಆದ ಮೇಲೆ ನಾನು ಗೂಡನ್ನು ಸುತ್ತಿಕೊಂಡು ಹಿಂದಕ್ಕೆ ಹೋಗುತ್ತೇನೆ. ಅಲ್ಲಿಗೆ ಯಾರೂ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಗೂಡಿಗೂ ಗೋಡೆಗೂ ನಡುವೆ ಒಂದು ಮೊಳ ಜಾಗ, ಅದರಲ್ಲಿ ತರಗೆಲೆ, ಮಿಕ್ಕ ಹಲಗೆ ಚೂರು, ಒಡೆದ ಕುಂಡ. ಜಾಲರಿ ಸಾಲದೆ ಬಂದ ಕಡೆ ಇನ್ನೊಂದು ತುಂಡು ತಂದು ತಂತಿ ಸುತ್ತಿ ಸೇರಿಸಿರುತ್ತಾರೆ. ಮಣ್ಣು ತಗ್ಗಾದ ಕಡೆ ಗೂಡಿನ ತಳದಡಿ ಎರಡು ಬೆರಳಷ್ಟು ಬೆಳಕು ಕಾಣುತ್ತದೆ. ಮುಂದುಗಡೆ ನಾಲ್ಕು ಸ್ಕ್ರೂ ಹಾಕಿದ್ದರೆ ಹಿಂದುಗಡೆ ಎರಡೇ.

ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ. ಬರುವ ಪ್ರಾಣಿ ಮುಂದುಗಡೆಯಿಂದ ಬರುವುದಿಲ್ಲ. ಅದು ಕಸದ ಮರೆಯಲ್ಲಿ, ಗೋಡೆಯ ನೆರಳಿನಲ್ಲಿ, ನಾವು ನೋಡದ ಮಗ್ಗುಲಿನಿಂದ ಬರುತ್ತದೆ. ನಾವು ಮಾತ್ರ ಗೂಡು ಕಟ್ಟುವಾಗ ಒಳಗಿರುವುದನ್ನೇ ಮನಸ್ಸಿನಲ್ಲಿಟ್ಟುಕೊಂಡು ಅಳತೆ ತೆಗೆಯುತ್ತೇವೆ. ಮೊಲ ಎಷ್ಟು ಎತ್ತರಕ್ಕೆ ನೆಗೆಯುತ್ತದೆ, ಹಕ್ಕಿಯ ತಲೆ ಕಂಬಿಯ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆಯೇ, ಕೋಳಿ ಹಾರಿ ದಾಟೀತೇ. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಹೊರಗೆ ಬಂದು ನಿಲ್ಲುವ ಪ್ರಾಣಿಗೆ ಹಲ್ಲಿದೆ, ಉಗುರಿದೆ, ಹಸಿವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಇಡೀ ರಾತ್ರಿಯಷ್ಟು ಸಮಯವಿದೆ. ಆ ಪ್ರಾಣಿಯ ಅಳತೆ ತೆಗೆಯದೆ ಕಟ್ಟಿದ ಗೂಡು ಅರ್ಧ ಕಟ್ಟಿದ ಗೂಡು.

ಮೊಲಕ್ಕೆ ಇಷ್ಟು ದಪ್ಪ ತಂತಿ ಯಾಕೆ?

ನಮ್ಮ ಗೂಡಿನ ಚೌಕಟ್ಟು ಮಾಡಿಕೊಟ್ಟ ವೆಲ್ಡಿಂಗ್ ಕೆಲಸದವರು ಅಳತೆ ಬರೆದುಕೊಳ್ಳುತ್ತಾ ಕೇಳಿದ್ದರು, "ಒಳಗೆ ಇಡೋದು ಮೊಲ ತಾನೆ ಮೇಡಂ? ಅದಕ್ಕೆ ಇಷ್ಟು ದಪ್ಪ ಮೆಶ್ ಯಾಕೆ? ಕೋಳಿ ಜಾಲರಿ ಸಾಕು ಬಿಡಿ, ಖರ್ಚೂ ಉಳಿಯುತ್ತೆ."

"ಮೊಲಕ್ಕಲ್ಲ ಅಣ್ಣಾ, ಮೊಲವನ್ನ ಹಿಡಿಯೋಕೆ ಬರೋದಕ್ಕೆ" ಅಂದೆ.

ಅವರು ಒಂದು ಕ್ಷಣ ಸುಮ್ಮನಿದ್ದು, ತಂದಿದ್ದ ಜಾಲರಿಯ ತುಂಡನ್ನು ಚೌಕಟ್ಟಿನ ಒಳಮಗ್ಗುಲಿಗೆ ಹಿಡಿದು ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿದರು. ಮೂಲೆ ಬಿಟ್ಟುಕೊಂಡು ಒಳಗೆ ಬಾಗಿತು. ಆಮೇಲೆ ಅದನ್ನೇ ಹೊರಮಗ್ಗುಲಿಗೆ ಹಿಡಿದು ಒತ್ತಿದರು. ಜಾಲರಿ ಕಬ್ಬಿಣದ ಪಟ್ಟಿಗೆ ಒರಗಿ ನಿಂತಿತು. "ಹಂಗಾದ್ರೆ ಇದನ್ನ ಒಳಗಡೆ ಕೂರಿಸಬಾರದು. ಹೊರಗಡೆಯಿಂದ ಕೂರಿಸಿ ಮೇಲೆ ಒಂದು ಪಟ್ಟಿ ಕೊಡ್ತೀನಿ. ಎಷ್ಟು ನೂಕಿದ್ರೂ ಫ್ರೇಮಿಗೇ ಒತ್ಕೊಳ್ಳುತ್ತೆ" ಅಂದರು. ನಾನು ಹೇಳಬೇಕೆಂದಿದ್ದನ್ನು ಅವರ ಹೆಬ್ಬೆರಳೇ ಕಂಡುಕೊಂಡಿತ್ತು. ಆಮೇಲೆ ಅವರು ಇಡೀ ಕೆಲಸವನ್ನು ಹೊರಗೆ ನಿಂತೇ ಮಾಡಿದರು. ಪ್ರತಿ ಮೂಲೆಯನ್ನೂ ಒತ್ತಿ, ಎಳೆದು, ಅಲ್ಲಾಡಿಸಿ ನೋಡಿದರು. ಕೈಕೆಲಸ ಬಲ್ಲವರಿಗೆ ಪ್ರಶ್ನೆಯನ್ನು ಸರಿಯಾಗಿ ಕೊಟ್ಟರೆ ಸಾಕು, ಉತ್ತರ ಅವರ ಕೈಯಲ್ಲೇ ಇರುತ್ತದೆ.

ಕೋಳಿ ಜಾಲರಿ ಅಂದರೆ ಆರು ಮೂಲೆಯ ಕಣ್ಣಿರುವ, ತೆಳು ತಂತಿಯನ್ನು ಒಂದಕ್ಕೊಂದು ತಿರುಚಿ ಹೆಣೆದ ಜಾಲರಿ. ಅದು ಕೋಳಿಯನ್ನು ಒಳಗಿಡಲು ಮಾಡಿದ್ದು. ನರಿಯನ್ನೋ ಕಾಡುಬೆಕ್ಕನ್ನೋ ಹೊರಗಿಡಲು ಮಾಡಿದ್ದಲ್ಲ. ಒಂದು ಎಳೆ ಕಡಿದರೆ ಅದರ ಪಕ್ಕದ್ದು ಸಡಿಲವಾಗುತ್ತದೆ, ಆಮೇಲೆ ಉಗುರು ಸಿಕ್ಕಿಸಿ ಎಳೆದರೆ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಸಾಧಾರಣ ನಾಯಿಯೂ ಅದನ್ನು ಹರಿದು ಹಾಕಬಲ್ಲದು. ಬೆಸುಗೆ ಹಾಕಿದ ಚೌಕ ಕಣ್ಣಿನ ಜಾಲರಿಯಲ್ಲಿ ಎಳೆಗಳು ಕೂಡುವ ಪ್ರತಿ ಜಾಗದಲ್ಲೂ ಹಿಡಿತವಿರುತ್ತದೆ. ಕಣ್ಣು ಅರ್ಧ ಇಂಚು, ಅಂದರೆ ಸುಮಾರು 13 ಮಿಲಿಮೀಟರ್ ಮೀರಬಾರದು. ತಂತಿ 19 ಗೇಜಿಗಿಂತ ತೆಳುವಾಗಿರಬಾರದು. ಗೇಜಿನ ಲೆಕ್ಕದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತಂತಿ ಸಣ್ಣ ಅನ್ನುವುದನ್ನು ಕೊಳ್ಳುವಾಗ ನೆನಪಿಟ್ಟುಕೊಳ್ಳಬೇಕು: 19 ಗೇಜಿನ ತಂತಿ ಸುಮಾರು ಒಂದು ಮಿಲಿಮೀಟರ್ ದಪ್ಪ, 16 ಗೇಜಿನದು ಸುಮಾರು 1.6. ನಾಯಿಗಳ ಕಾಟ ಇರುವ ಕಡೆ 16 ಗೇಜೇ ಬೇಕು. ಸ್ಟೇಪ್ಲರ್ ಪಿನ್ನು, ಸಣ್ಣ ಯು ಮೊಳೆ ಇವು ಕೆಲ ಕಾಲ ಹಿಡಿದುಕೊಂಡಂತೆ ಕಾಣುತ್ತವೆ, ಮರ ಒಣಗಿ ಬಿರುಕು ಬಿಟ್ಟ ಕೂಡಲೇ ಕಿತ್ತು ಬರುತ್ತವೆ. ಅಗಲವಾದ ವಾಷರ್ ಕೊಟ್ಟು ಸ್ಕ್ರೂ ಬಿಗಿದರೆ ಆ ಚಿಂತೆಯಿಲ್ಲ.

ಗಿಳಿ ಜಾತಿಯ ಹಕ್ಕಿ ಸಾಕುವವರಿಗೆ ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹೊಸ ಜಿಐ ಜಾಲರಿಯ, ಅಂದರೆ ಸತು ಲೇಪಿಸಿದ ಕಬ್ಬಿಣದ ಜಾಲರಿಯ ಮೇಲೆ ಸತುವಿನ ಸಣ್ಣ ಹನಿಗಳು, ಪುಡಿ ಅಂಟಿಕೊಂಡಿರುತ್ತವೆ. ಜಾಲರಿಯನ್ನು ಕೊಕ್ಕಿನಲ್ಲಿ ಹಿಡಿದು ಹತ್ತುವ, ಕಚ್ಚುವ ಹಕ್ಕಿಗಳು ಅದನ್ನು ನುಂಗಿ ಸತುವಿನ ವಿಷಕ್ಕೆ ಸಿಕ್ಕಿ ಸಾಯುವುದುಂಟು. ಹೊರಗಿನ ಪ್ರಾಣಿಯಿಂದ ಉಳಿಸಲೆಂದು ಹಾಕಿದ್ದೇ ಒಳಗಿನದನ್ನು ಕೊಲ್ಲಬಾರದಲ್ಲ. ಹೊಸ ಜಾಲರಿಯನ್ನು ವಿನೆಗರ್ ಹಾಕಿ ಗಡುಸು ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದರೆ ಅಪಾಯ ಕಡಿಮೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಹಾಕಲು ಕೈಲಾದರೆ ಅದಕ್ಕಿಂತ ಒಳ್ಳೆಯದು ಇಲ್ಲ.

"ಎಲ್ಲವನ್ನೂ ಯಾಕೆ ಕೊಲ್ಲಬೇಕಿತ್ತು?"

ನನ್ನ ಗೆಳತಿಯೊಬ್ಬಳ ಮನೆಯ ಮೊಲಗಳ ವಿಷಯ ಬರೆಯದೆ ಮುಂದೆ ಹೋಗಲಾರೆ. ಬೆಳಕು ಹರಿಯುವ ಮೊದಲೇ ಫೋನ್ ಮಾಡಿದ್ದಳು. ನಾನು ಹೋಗುವಷ್ಟರಲ್ಲಿ ಅವಳು ಗೂಡಿನ ಎದುರು ನೆಲದ ಮೇಲೆ ಕೂತಿದ್ದಳು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ಹಿಂದಿನ ಮೂಲೆಯಲ್ಲಿ ಜಾಲರಿ ಒಂದು ತಟ್ಟೆಯಗಲ ಒಳಕ್ಕೆ ಮಡಚಿಕೊಂಡಿತ್ತು, ಅದರ ತುದಿಗಳಲ್ಲಿ ಕಂದು ಕೂದಲು ಸಿಕ್ಕಿಕೊಂಡಿತ್ತು. ಒಳಗಿದ್ದ ನಾಲ್ಕೂ ಮೊಲ ಸತ್ತಿದ್ದವು. ಮೂರರ ಕತ್ತಿನ ಮೇಲೆ ಹಲ್ಲಿನ ಗುರುತು ಬಿಟ್ಟರೆ ಬೇರೇನೂ ಗಾಯವಿರಲಿಲ್ಲ. ನಾಲ್ಕನೆಯದರ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದು ಮೇವಿನ ಬುಟ್ಟಿಯ ಹಿಂದೆ, ಮೂಲೆಗೆ ಮುಖ ಒತ್ತಿಕೊಂಡು ಸತ್ತಿತ್ತು. ಯಾವುದನ್ನೂ ತಿಂದಿರಲಿಲ್ಲ, ಹೊತ್ತುಕೊಂಡೂ ಹೋಗಿರಲಿಲ್ಲ.

"ಹಸಿವಾಗಿದ್ರೆ ಒಂದನ್ನ ತಗೊಂಡು ಹೋಗ್ಬೋದಿತ್ತಲ್ವಾ? ಎಲ್ಲವನ್ನೂ ಯಾಕೆ ಕೊಲ್ಲಬೇಕಿತ್ತು? ಇಷ್ಟು ಕ್ರೂರವಾ ಅದು?" ಎಂದು ಅವಳು ಕೇಳಿದಳು. ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅವಳ ಜೊತೆ ಕೂತು, ಮಣ್ಣು ಮಾಡಲು ಗುಂಡಿ ತೋಡಿಕೊಟ್ಟು ಬಂದೆ.

ಉತ್ತರ ಸಿಕ್ಕಿದ್ದು ಓದಿನಲ್ಲಿ. ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಇದೇ ಪ್ರಶ್ನೆಯ ಬಗ್ಗೆ ಒಂದು ಪ್ರಬಂಧ ಬರೆದರು. ಬೇಟೆಯ ಪ್ರಾಣಿಗಳು ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು ಯಾಕೆ ಕೆಲವೊಮ್ಮೆ ಕೊಂದುಹಾಕುತ್ತವೆ ಅನ್ನುವುದು ಅದರ ವಿಷಯ. ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಬಿರುಗಾಳಿ ಮಳೆಯ ಒಂದು ಕಗ್ಗತ್ತಲ ರಾತ್ರಿ 19 ಕತ್ತೆಕಿರುಬಗಳು 82 ಥಾಮ್ಸನ್ ಗಸೆಲ್ ಎಂಬ ಹುಲ್ಲೆಗಳನ್ನು ಕೊಂದು, ಇನ್ನೂ 27ನ್ನು ತೀವ್ರವಾಗಿ ಗಾಯಗೊಳಿಸಿದ್ದವು. ತಿಂದದ್ದು ಅದರಲ್ಲಿ ಅಲ್ಪ ಭಾಗ. ಇಂಗ್ಲೆಂಡಿನ ಕಡಲತೀರದಲ್ಲಿ ನೆಲದ ಮೇಲೆ ಗೂಡು ಕಟ್ಟುವ ಕಪ್ಪುತಲೆಯ ಕಡಲಹಕ್ಕಿಗಳನ್ನು ನರಿಗಳು ಹಾಗೆಯೇ ರಾಶಿ ರಾಶಿ ಕೊಂದದ್ದನ್ನೂ ಅವರು ಗಮನಿಸಿದ್ದರು. ಅದೂ ಬಹಳ ಕತ್ತಲಿನ ರಾತ್ರಿಗಳಲ್ಲಿ. ಅಂಥ ರಾತ್ರಿ ಆ ಹಕ್ಕಿಗಳು ಹಾರಿಹೋಗದೆ ಕೂತಲ್ಲೇ ಕೂತಿರುತ್ತವೆ. ಇದರಲ್ಲಿ ಎದ್ದು ಕಾಣುವುದು ಒಂದೇ: ಓಡಬೇಕಾದದ್ದು ಓಡಲಿಲ್ಲ.

ಬಯಲಿನಲ್ಲಿ ಬೇಟೆ ಹೇಗೆ ನಡೆಯುತ್ತದೆ ಎಂದು ಯೋಚಿಸಿದರೆ ಇದು ಬಿಡಿಸಿಕೊಳ್ಳುತ್ತದೆ. ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ದಿಕ್ಕಾಪಾಲಾಗಿ ಓಡಿರುತ್ತವೆ, ಬಿಲ ಸೇರಿರುತ್ತವೆ, ಮರ ಹತ್ತಿರುತ್ತವೆ. ಬೇಟೆಗಾರನಿಗೆ ಎರಡನೆಯದನ್ನು ಹಿಡಿಯುವ ಅವಕಾಶವೇ ಅಪರೂಪ. ಆದ್ದರಿಂದ ಒಂದನ್ನು ಕೊಂದ ಮೇಲೆ ನಿಲ್ಲಿಸಬೇಕು ಅನ್ನುವ ಪಾಠ ಅದಕ್ಕೆ ಎಲ್ಲೂ ಬೇಕಾಗಿಲ್ಲ, ನಿಲ್ಲಿಸುವುದು ಓಡಿಹೋದ ಉಳಿದವುಗಳ ಕೆಲಸವಾಗಿತ್ತು. ಅಲುಗಾಡಿದ್ದನ್ನು ಹಿಡಿ, ಕತ್ತು ಕಚ್ಚು. ಅಷ್ಟೇ ಅದಕ್ಕೆ ಗೊತ್ತಿರುವುದು. ಗೂಡಿನೊಳಗೆ ಎರಡನೆಯ ಮೊಲ ಇನ್ನೂ ಅಲುಗಾಡುತ್ತಿರುತ್ತದೆ. ಮೂರನೆಯದೂ ಅಲ್ಲೇ ಗೋಡೆಯಿಂದ ಗೋಡೆಗೆ ಓಡುತ್ತಿರುತ್ತದೆ.

ಅಂದರೆ ಕ್ರೌರ್ಯ ಅನ್ನುವುದು ಬಂದ ಪ್ರಾಣಿಯಲ್ಲಿರಲಿಲ್ಲ. ಓಡುವುದೊಂದೇ ಆಯುಧವಾಗಿದ್ದ ಜೀವವನ್ನು ತಂದು, ಓಡಲು ಜಾಗವಿಲ್ಲದ ಕಡೆ ಇಟ್ಟ ಮೇಲೆ, ಆ ಓಟದ ಬದಲಿಗೆ ನಾವು ಕೊಡುವುದು ಗೋಡೆಯೊಂದನ್ನೇ. ಒಳಗಿರುವುದನ್ನು ಹೊರಗೆ ಬಿಡದ, ಹೊರಗಿರುವುದನ್ನು ಒಳಗೆ ಬಿಡುವ ಗೂಡು ಗೂಡೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ನಾನು ಜಾಲರಿಯ ದಪ್ಪದ ಬಗ್ಗೆ, ಸ್ಕ್ರೂವಿನ ಬಗ್ಗೆ ಇಷ್ಟು ಹಟ ಹಿಡಿದು ಮಾತಾಡುವುದು ಇದಕ್ಕಾಗಿ. ಸಾಕುವವನ ಹಕ್ಕು, ಖುಷಿ, ಹವ್ಯಾಸ ಇವೆಲ್ಲ ಆಮೇಲೆ. ಮೊದಲು ಈ ಬಾಕಿ ತೀರಬೇಕು.

ಮುಂಗುಸಿ ಎಲ್ಲಿ ನಿಲ್ಲುತ್ತದೆ

ಎಲ್ಲ ಅಪಾಯವೂ ರಾತ್ರಿಯದಲ್ಲ. ಬಂಧುಗಳೊಬ್ಬರ ಮನೆಯಲ್ಲಿ ಹಾಡಹಗಲು ಕಿಟಕಿಯಿಂದ ನೋಡುತ್ತಾ ಕೂತಿದ್ದಾಗ ಒಂದು ಮುಂಗುಸಿ ಕೋಳಿಯ ಅಂಗಳಕ್ಕೆ ಬಂತು. ನಾನು ಮಿಸುಕಲಿಲ್ಲ, ಅದಕ್ಕೆ ನಾನಿದ್ದದ್ದು ಗೊತ್ತಾಗಲಿಲ್ಲ. ಅದು ಬೇಲಿಯನ್ನು ತಲೆಯೆತ್ತಿ ನೋಡಲೇ ಇಲ್ಲ. ಮೂಗನ್ನು ಜಾಲರಿಯ ಬುಡಕ್ಕೆ ತಾಗಿಸಿಕೊಂಡು ಉದ್ದಕ್ಕೂ ನಡೆಯಿತು. ಕಂಬ ಬಂದಲ್ಲೆಲ್ಲ ನಿಂತಿತು. ಜಾಲರಿ ನೆಲ ಮುಟ್ಟಿದ ಜಾಗದಲ್ಲೇ ಮುಂಗಾಲಿನಿಂದ ಗಬಗಬನೆ ಕೆದರಿತು, ಉಗುರಿಗೆ ಗಟ್ಟಿ ತಾಗಿದ ಕೂಡಲೇ ಬಿಟ್ಟಿತು, ಮತ್ತೆ ಮೂಗು ನೆಲಕ್ಕಿಟ್ಟು ಮುಂದೆ ಹೋಯಿತು. ಹೀಗೆ ಇಡೀ ಸುತ್ತು. ಒಮ್ಮೆಯೂ ಬೇಲಿಯಿಂದ ಒಂದು ಅಡಿ ಹಿಂದೆ ಸರಿದು ಅಲ್ಲಿಂದ ತೋಡಲು ನೋಡಲಿಲ್ಲ. ಕೋಳಿಗಳು ನಡುವೆ ಒತ್ತೊತ್ತಾಗಿ ನಿಂತು ಒಂದೇ ಸಮನೆ ಕೂಗುತ್ತಿದ್ದವು. ಮನೆಯ ಯಜಮಾನರು ಹೊರಗೆ ಬಂದಾಗಲೇ ಅದು ಬೇಲಿಗಿಡದ ಸಂದಿನಲ್ಲಿ ನುಗ್ಗಿ ಹೋದದ್ದು.

ಅದು ಯಾಕೆ ಒಳಗೆ ಹೋಗಲಾಗಲಿಲ್ಲ ಅಂದರೆ, ಆ ಬೇಲಿಯ ಬುಡದಿಂದ ಹೊರಗಡೆಗೆ ಒಂದೂವರೆ ಅಡಿಯಷ್ಟು ಜಾಲರಿಯನ್ನು ನೆಲದ ಮೇಲೆ ಮಲಗಿಸಿ, ಮೇಲೆ ಮಣ್ಣು ಮುಚ್ಚಿದ್ದರು. ಹುಲ್ಲು ಅದರ ಕಣ್ಣುಗಳಲ್ಲಿ ಬೇರು ಬಿಟ್ಟು ನೆಲಕ್ಕೆ ಹೊಲಿದಂತೆ ಹಿಡಿದುಕೊಂಡಿತ್ತು. ಜಾಲರಿಯನ್ನು ನೇರವಾಗಿ ಆಳಕ್ಕೆ ಹೂಳುವುದು ಹಳೆಯ ಪದ್ಧತಿ. ಅದಕ್ಕೆ ಕಾಲುವೆ ತೋಡಬೇಕು, ಹೂತದ್ದು ಬೇಗ ತುಕ್ಕು ಹಿಡಿಯುತ್ತದೆ, ಹಿಡಿದದ್ದು ಕಾಣುವುದೂ ಇಲ್ಲ. ಹೊರಕ್ಕೆ ಮಲಗಿಸುವುದು ಸುಲಭ, ಕೆಲಸವೂ ಚೆನ್ನಾಗಿ ಮಾಡುತ್ತದೆ. ಮೂವತ್ತರಿಂದ ಅರವತ್ತು ಸೆಂಟಿಮೀಟರ್ ಅಗಲ ಸಾಕು. ಬುಡದಲ್ಲಿ ಕೆದರುವ ಪ್ರಾಣಿ ತಾನೇ ಆ ಜಾಲರಿಯ ಮೇಲೆ ನಿಂತಿರುತ್ತದೆ. ಹಿಂದೆ ಸರಿದು, ದೂರದಿಂದ ಸುರಂಗ ಕೊರೆದು ಬರಬೇಕು ಅನ್ನುವ ಲೆಕ್ಕ ನರಿಗಾಗಲಿ ನಾಯಿಗಾಗಲಿ ಹೊಳೆಯುವುದು ಬಹಳ ಕಡಿಮೆ. ಇಲಿ ಹೆಗ್ಗಣಗಳ ಮಾತು ಬೇರೆ, ಅವು ಎಲ್ಲಿಂದ ಬೇಕಾದರೂ ಕೊರೆದು ಬರುತ್ತವೆ. ಅವಕ್ಕೆ ಗೂಡಿನ ತಳವನ್ನೇ ಮುಚ್ಚಬೇಕು. ತಳಕ್ಕೆ ಜಾಲರಿ ಹಾಕಿದರೆ ಅದರ ಮೇಲೆ ದಪ್ಪಗೆ ಮಣ್ಣೋ ಹುಲ್ಲೋ ಇರಲಿ. ಮೊಲ, ಗಿನಿಪಿಗ್ಗುಗಳನ್ನು ಬರಿಯ ತಂತಿಯ ಮೇಲೆ ಬಿಟ್ಟರೆ ಪಾದಗಳಲ್ಲಿ ಹುಣ್ಣಾಗುತ್ತದೆ.

ಮೇಲ್ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನರಿ ಆರಡಿ ಬೇಲಿ ಹತ್ತಿ ದಾಟಬಲ್ಲದು, ಕಾಡುಬೆಕ್ಕಿಗೆ ಅದು ಲೆಕ್ಕಕ್ಕೇ ಇಲ್ಲ, ಗಿಡುಗಕ್ಕೆ ಗೋಡೆಯೇ ಇಲ್ಲ. ಆದ್ದರಿಂದ ಮಾಡು ಬೇಕೇ ಬೇಕು. ಮೇವು, ನೀರು ಇಡುವ ಭಾಗದ ಮೇಲಾದರೂ ಶೀಟು ಇರಲಿ. ಕಾಡುಹಕ್ಕಿಗಳ ಹಿಕ್ಕೆ ತಟ್ಟೆಗೆ ಬೀಳಬಾರದು. ಹಕ್ಕಿಜ್ವರ ಸಾಕುಹಕ್ಕಿಗೆ ಹರಡುವ ದಾರಿಗಳಲ್ಲಿ ಅದೂ ಒಂದು.

ಚಿಲಕ ತೆಗೆಯುವ ಕೈಗಳು

ಉತ್ತರ ಅಮೆರಿಕದಲ್ಲಿ ಸಾಕುವವರ ದೊಡ್ಡ ತಲೆನೋವು ರಕೂನ್ ಎಂಬ, ರಾತ್ರಿ ಅಲೆಯುವ ಕಾಡುಪ್ರಾಣಿ. ಅದರ ಮುಂಗಾಲು ಕೈಯೇ ಸರಿ. ಐದು ಬೆರಳು, ಅವುಗಳಲ್ಲಿ ಅಪಾರ ಸ್ಪರ್ಶಜ್ಞಾನ. 1907-08ರ ಹೊತ್ತಿಗೆ ಎಚ್. ಬಿ. ಡೇವಿಸ್ ಎಂಬುವರು ಬಗೆಬಗೆಯ ಚಿಲಕ, ಕೊಂಡಿ, ಗುಂಡಿಗಳಿದ್ದ ಪೆಟ್ಟಿಗೆಗಳನ್ನು ಅವುಗಳ ಮುಂದಿಟ್ಟು ಪರೀಕ್ಷೆ ನಡೆಸಿದರು. 13 ಬಗೆಯ ಬೀಗಗಳಲ್ಲಿ 11ನ್ನು ಅವು ಹತ್ತಕ್ಕಿಂತ ಕಡಿಮೆ ಪ್ರಯತ್ನದಲ್ಲಿ ತೆಗೆದವು. ರಕೂನ್ ಇಲ್ಲದ ಊರಿನವರಿಗೂ ಇದರಲ್ಲಿ ಕಲಿಯುವುದಿದೆ. ಕೊಕ್ಕೆಯನ್ನು ಬಳೆಗೆ ಸಿಕ್ಕಿಸುವ ಚಿಲಕವನ್ನು ಮಂಗ ಸಲೀಸಾಗಿ ತೆಗೆಯುತ್ತದೆ, ನಾಯಿಯ ಮೂತಿ ತಾಗಿದರೂ ಅದು ಮೇಲೆದ್ದು ಕಳಚಿಕೊಳ್ಳುತ್ತದೆ. ಒಂದೇ ಚಲನೆಯಲ್ಲಿ ತೆರೆಯುವ ಯಾವ ಚಿಲಕವನ್ನೂ ನಂಬಬಾರದು. ಅಗುಳಿ ಎಳೆದು ಅದರ ತೂತಿಗೆ ಸ್ಪ್ರಿಂಗ್ ಕೊಕ್ಕೆ ಹಾಕಿದರೆ ಎರಡು ಬೇರೆ ಬೇರೆ ಕೆಲಸ ಮಾಡಬೇಕಾಗುತ್ತದೆ, ಒಂದನ್ನು ಒತ್ತಬೇಕು, ಇನ್ನೊಂದನ್ನು ಎಳೆಯಬೇಕು. ಅಷ್ಟರಿಂದಲೇ ಬಹಳ ವ್ಯತ್ಯಾಸ. ಮೇಲೆ ಕೆಳಗೆ ಜಾರುವ ಬಾಗಿಲಾದರೆ ಅದನ್ನು ಕೆಳಗಿನಿಂದ ಎತ್ತಿಬಿಡಬಹುದು, ಅದಕ್ಕೂ ಒಂದು ತಡೆ ಬೇಕು. ಮುಸ್ಸಂಜೆಗೆ ತಾನೇ ಮುಚ್ಚಿಕೊಳ್ಳುವ ಬಾಗಿಲುಗಳು ಈಗ ಸಿಗುತ್ತವೆ. ಒಳ್ಳೆಯವೇ. ಆದರೂ ಎಲ್ಲ ಕೋಳಿಗಳೂ ಒಳಗೆ ಬಂದಿವೆಯೇ ಎಂದು ಕಣ್ಣಿಂದ ನೋಡುವ ಕೆಲಸವನ್ನು ಯಂತ್ರ ಮಾಡುವುದಿಲ್ಲ.

ಕಣ್ಣು ದೊಡ್ಡದಿದ್ದರೆ ಪ್ರಾಣಿ ಒಳಗೆ ಬರುವ ಅಗತ್ಯವೇ ಇಲ್ಲ. ಕೈ ತೂರಿಸಿ ಎಳೆದರಾಯಿತು. ಕಂಬಿಗೆ ಒರಗಿ ಮಲಗಿದ ಹಕ್ಕಿಯನ್ನು ಹೊರಗಿನಿಂದಲೇ ಹಿಡಿದು, ಸಿಕ್ಕ ಭಾಗವನ್ನು ಕಿತ್ತುಕೊಂಡು ಹೋದ ಪ್ರಸಂಗಗಳನ್ನು ಕೋಳಿ ಸಾಕುವವರು ಚೆನ್ನಾಗಿ ಬಲ್ಲರು. ಮಲಗುವ ಕೋಲನ್ನು ಜಾಲರಿಯಿಂದ ಒಂದು ತೋಳಿನಷ್ಟು ದೂರ ಇಡುವುದು, ಆ ಭಾಗಕ್ಕೆ ಹಲಗೆಯ ಗೋಡೆ ಕೊಡುವುದು ಇದಕ್ಕಿರುವ ಸರಳ ಪರಿಹಾರ.

ಕಾಳು, ಇಲಿ, ಹಾವು

ಫಿಂಚ್ ಹಕ್ಕಿಗಳ ದೊಡ್ಡ ಗೂಡಿನೊಳಗೆ ಒಮ್ಮೆ ಒಂದು ಕೇರೆಹಾವು ಸಿಕ್ಕಿಕೊಂಡದ್ದನ್ನು ಕಂಡಿದ್ದೇನೆ. ಮೂಲೆಯಲ್ಲಿ ಸುರುಳಿ ಸುತ್ತಿ ಬಿದ್ದಿತ್ತು, ಮೈಯ ನಡುವೆ ಎರಡು ಉಬ್ಬು. ತೂರಿ ಬಂದ ಸಂದಿನಲ್ಲೇ ಹಿಂತಿರುಗಲು ನೋಡಿ ಉಬ್ಬು ತಡೆದು, ತಲೆಯ ಪಕ್ಕದ ಚರ್ಮ ತಂತಿಗೆ ಉಜ್ಜಿ ಕೆಂಪಾಗಿತ್ತು. ಮನೆಯವರು ಹಾವಿಗೆ ತಡೆಯೇನು ಎಂದು ಕೇಳುತ್ತಿದ್ದರು. ನನ್ನ ಕಣ್ಣು ಹೋದದ್ದು ಗೂಡಿನ ಕೆಳಗೆ ಹರಡಿದ್ದ ಕಾಳಿನ ಸಿಪ್ಪೆಯ ಮೇಲೆ, ಅದರ ಪಕ್ಕದಲ್ಲಿದ್ದ ಇಲಿ ಬಿಲದ ಮೇಲೆ. ಹಾವು ಮೊದಲು ಹಕ್ಕಿಯನ್ನು ಹುಡುಕಿಕೊಂಡು ಬರುವುದಿಲ್ಲ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಜಾಡು ಹಿಡಿದು ಹಾವು ಬರುತ್ತದೆ, ಮುಂಗುಸಿಯೂ ಬರುತ್ತದೆ. ಬಂದ ಮೇಲೆ ಹಕ್ಕಿ ಕಾಣುತ್ತದೆ. ಸಂಜೆ ತಟ್ಟೆಗಳನ್ನು ಎತ್ತಿಡುವುದು, ಗೂಡಿನ ಅಡಿಯನ್ನು ಗುಡಿಸುವುದು, ಕಾಳನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡುವುದು ಇವು ಯಾವ ಜಾಲರಿಗೂ ಕಡಿಮೆಯಲ್ಲದ ಕಾವಲು. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿಯುತ್ತದೆ. ಇಲಿಯ ಮೂತ್ರದಿಂದ ಲೆಪ್ಟೋಸ್ಪೈರೋಸಿಸ್ ಹರಡುತ್ತದೆ, ಅದು ಗೂಡು ತೊಳೆಯುವ ನಮಗೂ ಬರಬಹುದಾದ ರೋಗ. ಸಣ್ಣ ಹಕ್ಕಿಗಳ ಗೂಡಿಗೆ ಕಾಲು ಇಂಚಿನ, ಅಂದರೆ 6 ಮಿಲಿಮೀಟರಿನ ಕಣ್ಣಿನ ಜಾಲರಿಯನ್ನು ಹೇಳುವುದು ಸಣ್ಣ ಇಲಿ, ಸಣ್ಣ ಹಾವು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೇ.

ಹಾವಿಗೆಂದು ಕೆಲವರು ತೆಳು ನೈಲಾನ್ ಬಲೆಯನ್ನು ಗೂಡಿನ ಸುತ್ತ ಸುತ್ತುತ್ತಾರೆ. ದಯವಿಟ್ಟು ಬೇಡ. ಹಾವು ಅದರಲ್ಲಿ ತಲೆ ತೂರಿಸಿದರೆ ಮುಂದಕ್ಕೂ ಹೋಗಲಾರದು, ಹುರುಪೆಗಳು ಸಿಕ್ಕಿಕೊಂಡು ಹಿಂದಕ್ಕೂ ಬರಲಾರದು. ಬಿಸಿಲಿಗೆ ಸಿಕ್ಕಿ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಬಾವಲಿ, ಹಕ್ಕಿಗಳದ್ದೂ ಅದೇ ಗತಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇದೇ ಕಾರಣಕ್ಕೆ ಮನೆಯ ಹಣ್ಣಿನ ಗಿಡಗಳಿಗೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದು ಹಿಡಿದಾಗಲೂ, 5 ಮಿಲಿಮೀಟರ್ ಮೀರಬಾರದು ಎಂಬ ನಿಯಮ 2021ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಬಲೆಯೊಳಗೆ ಬೆರಳು ತೂರಿದರೆ ಅದು ಬೇಡ ಎಂಬುದು ಅಲ್ಲಿ ಹೇಳಿಕೊಡುವ ಸುಲಭ ಪರೀಕ್ಷೆ. ನುಸಿಗುಳಿಗೆಯನ್ನು ಸುತ್ತ ಚೆಲ್ಲುವುದೂ ಅಷ್ಟೇ. ಹಾವು ಅದಕ್ಕೆ ಹೆದರುವುದಿಲ್ಲ, ಅದರ ಆವಿ ಮಾತ್ರ ಗೂಡಿನ ಹಕ್ಕಿಗೆ ವಿಷ.

ಸಿಟ್ಟು ಬಂದಾಗ

ಕಳೆದುಕೊಂಡವರಿಗೆ ಸಿಟ್ಟು ಬರುವುದು ಸಹಜ. ನನ್ನ ಗೆಳತಿಗೂ ಬಂದಿತ್ತು. ಅವಳ ಮನೆಯವರು ವಿಷ ಇಡೋಣ ಎಂದಿದ್ದರು. ವಿಷ ಯಾರ ಹೆಸರನ್ನೂ ಓದಿಕೊಂಡು ಹೋಗುವುದಿಲ್ಲ. ಇಲಿಪಾಷಾಣಗಳಲ್ಲಿ ಬ್ರೋಡಿಫಾಕಮ್‌ನಂಥವು ತಿಂದ ಪ್ರಾಣಿಯ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಆ ಇಲಿಯನ್ನು ತಿಂದ ಗೂಬೆ ಸಾಯುತ್ತದೆ, ಮನೆಯ ನಾಯಿಯೂ ಸಾಯಬಹುದು. ರಾತ್ರಿಯಿಡೀ ಇಲಿಗಳನ್ನು ಹಿಡಿದು ನಮ್ಮ ಕೆಲಸವನ್ನೇ ಮಾಡುತ್ತಿದ್ದ ಗೂಬೆ ಅದು.

ಬೋನಿಟ್ಟು ಹಿಡಿದು ದೂರ ಬಿಟ್ಟು ಬರುವುದು ದಯೆಯ ದಾರಿಯಂತೆ ಕಾಣುತ್ತದೆ. ಆದರೆ ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿಗೆ ನೀರೆಲ್ಲಿ, ಮರೆಯೆಲ್ಲಿ ಗೊತ್ತಿಲ್ಲ, ಅಲ್ಲಿ ಮೊದಲೇ ಇರುವವು ಅದನ್ನು ಸೇರಿಸುವುದಿಲ್ಲ. ಹೀಗೆ ಬಿಟ್ಟವುಗಳಲ್ಲಿ ಅನೇಕ ಬದುಕುವುದಿಲ್ಲ. ಮರಿಗಳಿದ್ದ ತಾಯಿಯಾದರೆ ಮರಿಗಳ ಕಥೆಯೂ ಮುಗಿಯಿತು. ಇತ್ತ ಖಾಲಿಯಾದ ಜಾಗಕ್ಕೆ ಅದೇ ಜಾತಿಯ ಇನ್ನೊಂದು ಬರುತ್ತದೆ, ಯಾಕೆಂದರೆ ಮೇವಿನ ವಾಸನೆ, ಜಾಲರಿಯ ತೂತು ಎರಡೂ ಹಾಗೇ ಇವೆ. ಕಾಡುಪ್ರಾಣಿಗಳನ್ನು ಹಿಡಿಯುವುದು ಬಹಳ ದೇಶಗಳಲ್ಲಿ ಅಪರಾಧವೂ ಹೌದು. ಮಿನುಗುವ ದೀಪ, ಕಿವಿಗೆ ಕೇಳದ ಸದ್ದು ಮಾಡುವ ಯಂತ್ರ ಇವುಗಳಿಗೆ ಪ್ರಾಣಿಗಳು ಕೆಲ ದಿನ ಅಂಜುತ್ತವೆ, ಅಪಾಯವಿಲ್ಲವೆಂದು ಗೊತ್ತಾದ ಮೇಲೆ ಅದರ ಬೆಳಕಿನಲ್ಲೇ ಬಂದು ಕೆದರುತ್ತವೆ. ಬೇಟೆ ಸಿಕ್ಕ ಜಾಗಕ್ಕೆ ಅವು ಮರಳಿ ಬರುವುದು ಖಂಡಿತ ಎಂದೇ ಇಟ್ಟುಕೊಳ್ಳಬೇಕು. ಆದ್ದರಿಂದ ಅನಾಹುತವಾದ ದಿನ ಮಾಡಬೇಕಾದದ್ದು ಒಂದೇ, ಕತ್ತಲಾಗುವ ಮೊದಲು ತೂತು ಮುಚ್ಚುವುದು. ಉಳಿದ ಪ್ರಾಣಿಗಳಿದ್ದರೆ ಆ ರಾತ್ರಿ ಅವು ಮನೆಯೊಳಗೆ ಇರಲಿ.

ಗೀರಿಲ್ಲದೆ ಸತ್ತ ಮೊಲ

ಗೆಳತಿಯ ಮನೆಯ ಆ ನಾಲ್ಕನೆಯ ಮೊಲ ನನ್ನ ತಲೆಯಿಂದ ಹೋಗಿಲ್ಲ. ಮೊಲಗಳು ಬರಿಯ ಭಯದಿಂದ ಸಾಯಬಲ್ಲವು. ಆ ಕ್ಷಣ ಸಾಯದಿದ್ದರೂ ಗಾಬರಿಯಲ್ಲಿ ಕರುಳಿನ ಚಲನೆ ನಿಂತು, ಮೇವು ಬಿಟ್ಟು, ಒಂದೆರಡು ದಿನದಲ್ಲಿ ಹೋಗಿಬಿಡುವುದುಂಟು. ಮೊಲ ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಕಾಯದೆ ಪಶುವೈದ್ಯರ ಬಳಿ ಒಯ್ಯಬೇಕು ಎನ್ನುವುದು ಇದಕ್ಕೇ. ಕಾಕಟೀಲ್ ಹಕ್ಕಿಗಳು ಕತ್ತಲಲ್ಲಿ ಗೂಬೆಯ ನೆರಳು ಹಾದರೂ ದಿಗಿಲುಬಿದ್ದು ಕಂಬಿಗಳಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ, ಅವಕ್ಕೆ ರಾತ್ರಿ ಒಂದು ಮಂದ ದೀಪ ಬೇಕು. ಹೀಗಾಗಿ ಜಾಲರಿ ಎಷ್ಟೇ ಗಟ್ಟಿಯಿರಲಿ, ಅದರಾಚೆ ನಿಂತು ಮೂಸುವ ಪ್ರಾಣಿಯನ್ನು ಒಳಗಿನದು ಇಡೀ ರಾತ್ರಿ ನೋಡುತ್ತಾ ಕೂರಬೇಕಾದರೆ ಕೆಲಸ ಮುಗಿದಿಲ್ಲ.

ಓಟವನ್ನು ನಾವು ಮರಳಿ ಕೊಡಲಾರೆವು, ಬಿಲವನ್ನು ಕೊಡಬಹುದು. ಗೆಳತಿ ಬಹಳ ಕಾಲದ ನಂತರ ಮತ್ತೆ ಎರಡು ಮೊಲ ತಂದಾಗ ನಾವಿಬ್ಬರೂ ಸೇರಿ ಮೊದಲು ಮಾಡಿದ್ದು ಪೆಟ್ಟಿಗೆ. ದಪ್ಪ ಹಲಗೆಯದು, ಒಳಗೆ ಕತ್ತಲು, ಎರಡೂ ಮೊಲ ಮೈ ಚಾಚಿ ಮಲಗುವಷ್ಟು ಅಗಲ. ಎದುರುಬದುರು ಎರಡು ಬಾಯಿ, ಒಂದರಿಂದ ಗಾಬರಿ ನುಗ್ಗಿದರೆ ಇನ್ನೊಂದರಿಂದ ಹೊರಬರಲು. ಅದನ್ನು ಗೂಡಿನ ಯಾವ ಜಾಲರಿಗೂ ತಾಗಿಸದೆ ನಟ್ಟನಡುವೆ ಇಟ್ಟೆವು. ಮೊದಮೊದಲು ಅವು ಹಗಲೆಲ್ಲ ಅದರೊಳಗೇ ಇರುತ್ತಿದ್ದವು, ಈಗ ನಾಯಿ ಬೊಗಳಿದಾಗ ಮಾತ್ರ ಹೋಗುತ್ತವೆ, ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಹುಲ್ಲು ತಿನ್ನುತ್ತವೆ. ಮೊನ್ನೆ ಹೋದಾಗ ಪೆಟ್ಟಿಗೆಯ ತಳ ನೋಡಿದೆ. ಮೂತ್ರ ಬಿದ್ದು ಒಂದು ಮೂಲೆ ಮೆತ್ತಗಾಗಿದೆ. ಮೆತ್ತಗಾದ ಹಲಗೆಯನ್ನು ಹೆಗ್ಗಣ ಬೇಗ ಕೊರೆಯುತ್ತದೆ, ಈ ವಾರ ಅದನ್ನು ಬದಲಿಸಬೇಕು.